ದೋಣಿಯ ಸೀಟು ಎತ್ತಿ ನೋಡಿದ್ದೀರಾ?

ಸಣ್ಣ ದೋಣಿ ತೆಗೆದುಕೊಳ್ಳಲು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಎಷ್ಟು ಅಡಿ ಉದ್ದ? ಎಷ್ಟು ಜನ ಕೂರಬಹುದು? ಎಂಜಿನ್ ಎಷ್ಟು ಎಚ್‌ಪಿ? ಎಲ್ಲಾದರೂ ಸೋರುತ್ತದಾ? ಸೀಟಿನ ಬಗ್ಗೆ ಕೇಳಿದವರನ್ನು ನಾನು ನೋಡಿಲ್ಲ. ಒಂದು ಹಲಗೆ, ಮೇಲೊಂದು ಸ್ಪಂಜು, ಅಷ್ಟೇ ಅಲ್ವಾ ಅಂದುಕೊಳ್ಳುತ್ತಾರೆ. ಇದು ನನ್ನನ್ನು ಸುಮಾರು ಸಮಯದಿಂದ ಕಾಡುತ್ತಿದೆ. ಅಲ್ಯೂಮಿನಿಯಂ ದೋಣಿ ಹಾಳಾಗಲು ಶುರುವಾಗುವುದು ಎಷ್ಟೋ ಸಲ ಸೀಟಿನ ಅಡಿಯಲ್ಲೇ. ಹೊರಮೈಯ ಗೀರು, ತಗ್ಗು ಎಲ್ಲರಿಗೂ ಕಾಣುತ್ತದೆ. ಸೀಟಿನ ಅಡಿ ಯಾರಿಗೂ ಕಾಣುವುದಿಲ್ಲ. ಇನ್ನೊಂದು ಮಾತು. ಮನೆಯಲ್ಲಿ ದೋಣಿ ಇದ್ದರೂ ಮನೆಯ ಹಿರಿಯರು ಅದನ್ನು ಹತ್ತುತ್ತಾರೋ ಇಲ್ಲವೋ ಅನ್ನುವುದು ಎಂಜಿನ್ ಮೇಲೆ ನಿಂತಿಲ್ಲ, ಸೀಟಿನ ಮೇಲೆ ನಿಂತಿದೆ.

ನಮ್ಮ ಮನೆ ಕಾಸರಗೋಡಿನ ಕುಂಬಳೆ ಹತ್ತಿರ, ಶಿರಿಯ ಹೊಳೆ ಸಮುದ್ರ ಸೇರುವ ಮುಂಚೆ ಅಗಲವಾಗುವ ಕಡೆ. ತೋಟ ಆಚೆ ದಡದಲ್ಲಿ. ರಸ್ತೆಯಲ್ಲಿ ಹೋದರೆ ದೊಡ್ಡ ಸುತ್ತು. ದೋಣಿಯಲ್ಲಾದರೆ ಬಾಯಿಗೆ ಹಾಕಿದ ಎಲೆಯಡಿಕೆ ಮುಗಿಯುವುದರೊಳಗೆ ತೋಟದ ಕಟ್ಟೆ. ಮೊದಲು ಇದ್ದದ್ದು ಹೆಬ್ಬಲಸಿನ ಮರದ ದೋಣಿ. ಅದರ ಚಾಕರಿ ಜಾಸ್ತಿ. ಮಳೆ ಕಳೆದ ಮೇಲೆ ದಡಕ್ಕೆ ಎಳೆಯಬೇಕು, ಒಣಗಿಸಬೇಕು, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಬೇಕು. ಕೈಗೆ ತಾಗಿದರೆ ಚರ್ಮ ಸುಲಿಯುವ ಎಣ್ಣೆ ಅದು. ಅಪ್ಪ ಕೈಗೆ ತೆಂಗಿನೆಣ್ಣೆ ಸವರಿಕೊಂಡೇ ಆ ಕೆಲಸಕ್ಕೆ ಇಳಿಯುತ್ತಿದ್ದರು. ಮರ ಮುದಿಯಾದ ಮೇಲೆ ಮನೆಗೆ ಬಂದದ್ದು ಒಂದು ಹಳೆಯ ಅಲ್ಯೂಮಿನಿಯಂ ದೋಣಿ. ಸಿಗಡಿ ಕೆರೆಯಲ್ಲಿ ಓಡಾಡಿದ ದೋಣಿ. ನಮ್ಮ ಕಡೆ ಈಗ ಫೈಬರ್ ದೋಣಿಯೇ ಜಾಸ್ತಿ, ಅಲ್ಯೂಮಿನಿಯಂ ಅಪರೂಪ. ಆದರೆ ಹಗುರ. ಕಬ್ಬಿಣ ಒಂದು ಘನ ಸೆಂಟಿಮೀಟರಿಗೆ 7.8 ಗ್ರಾಂ ತೂಗಿದರೆ ಅಲ್ಯೂಮಿನಿಯಂ 2.7 ಗ್ರಾಂ ಅಷ್ಟೇ. ಇಬ್ಬರು ಸೇರಿದರೆ ಸಣ್ಣ ದೋಣಿಯನ್ನು ದಡಕ್ಕೆ ಎತ್ತಿ ಇಡಬಹುದು. ಮಾರಿದವರು ಹೇಳಿದ್ದು ಒಂದೇ ಮಾತು: "ಇದಕ್ಕೆ ತುಕ್ಕು ಹಿಡಿಯುವುದಿಲ್ಲ, ಎಂತದೂ ಮಾಡುವುದು ಬೇಡ." ದೋಣಿ ಹತ್ತುವ ಕಡವಿನಲ್ಲಿ ಕೇಳಿದರೂ ಇದೇ ಮಾತು. ನನಗೆ ಸಿಟ್ಟು ಇರುವುದು ಈ ಮಾತಿನ ಮೇಲೆ. ಮರದ ದೋಣಿಗೆ ವರ್ಷಕ್ಕೊಮ್ಮೆ ಮೈಮುರಿದು ಆರೈಕೆ ಮಾಡುತ್ತಿದ್ದ ಜನ ಅಲ್ಯೂಮಿನಿಯಂ ಬಂದ ಕೂಡಲೇ ತಿರುಗಿ ನೋಡುವುದನ್ನೇ ಬಿಟ್ಟರು.

ಹಲಗೆಯ ಅಡಿಯಲ್ಲಿ

ದೋಣಿ ಮನೆಗೆ ಬಂದ ವಾರವೇ ಸೀಟು ಬಿಚ್ಚಲು ಕೂತೆವು. ಚಿಕ್ಕಪ್ಪನ ಕೈಯಲ್ಲಿ ಸ್ಕ್ರೂಡ್ರೈವರ್, ನನ್ನ ಕೈಯಲ್ಲಿ ಸ್ಪ್ಯಾನರ್. ಇಂಥ ದೋಣಿಯಲ್ಲಿ ಈ ಬದಿಯಿಂದ ಆ ಬದಿಗೆ ಪೆಟ್ಟಿಗೆಯ ಹಾಗೆ ಅಡ್ಡ ಬೆಂಚು ಇರುತ್ತದೆ, ತಗಡಿನದ್ದೇ. ನಡುವಿನ ಬೆಂಚಿನ ಮೇಲೆ ಯಾರೋ ಪ್ಲೈವುಡ್ ಕೂರಿಸಿದ್ದರು. ಪ್ಲೈ ಮೇಲೆ ಸ್ಪಂಜು, ಸ್ಪಂಜಿನ ಮೇಲೆ ನೀಲಿ ರೆಕ್ಸಿನ್. ಮೇಲಿನಿಂದ ನೋಡಿದರೆ ಲಾಯಕ್ಕಾಗಿಯೇ ಇತ್ತು. ಸ್ಕ್ರೂ ಎಲ್ಲ ಸಾದಾ ಕಬ್ಬಿಣದ್ದು. ಎರಡರ ತಲೆ ತಿರುಗಿಸಿದ ಕೂಡಲೇ ಪುಡಿಯಾಗಿ ಬಿತ್ತು. ಉಳಿದದ್ದನ್ನು ತಿರುಗಿಸುವುದೇ ಬೇಕಾಗಲಿಲ್ಲ, ಹಲಗೆ ಎಳೆದಾಗ ಜೊತೆಗೇ ಕಿತ್ತು ಬಂತು. ಹಲಗೆ ನೆನೆದು ಕಪ್ಪಾಗಿತ್ತು, ಪದರ ಪದರವಾಗಿ ಬಿಟ್ಟಿತ್ತು. ಅದರ ಅಡಿಯಲ್ಲಿ ತಗಡಿನ ಮೇಲೆ ಬೆಳ್ಳಗೆ ಏನೋ ಹರಡಿಕೊಂಡಿತ್ತು. ಅಲ್ಲಲ್ಲಿ ಉಬ್ಬಿಕೊಂಡಿತ್ತು, ಮುಟ್ಟಿದರೆ ಮೆತ್ತಗೆ, ಬೆರಳಿಗೆ ಅಂಟುವಷ್ಟು ಒದ್ದೆ.

"ಎಂತ ಇದು, ಸುಣ್ಣ ಹಾಕಿದ್ದಾರಾ?" ಚಿಕ್ಕಪ್ಪ ಕೇಳಿದರು.

"ಸುಣ್ಣ ಅಲ್ಲ ಚಿಕ್ಕಪ್ಪ. ಇದು ದೋಣಿಯೇ. ತಗಡು ಪುಡಿಯಾದದ್ದು."

ಅವರು ನಂಬಲಿಲ್ಲ. ಬಿದಿರಿನ ಚಕ್ಕೆ ತಂದು ಬಿಳಿಯ ಪುಡಿಯನ್ನು ಮೆಲ್ಲಗೆ ಕೆರೆದರು. ಅಡಿಯಲ್ಲಿ ಸಾಸಿವೆ ಗಾತ್ರದ ಕಪ್ಪು ಗುಳಿಗಳು, ಒಂದರ ಪಕ್ಕ ಒಂದು. ಒಂದು ಗುಳಿಗೆ ಮೊಳೆಯ ತುದಿ ಇಟ್ಟು ಸುಮ್ನೆ ಒತ್ತಿದರು. ಸುತ್ತಿಗೆ ಬೇಕಾಗಲಿಲ್ಲ. ಮೊಳೆ ಒಳಗೆ ಇಳಿಯಿತು. ಚಿಕ್ಕಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಉಳಿದ ಸೀಟುಗಳನ್ನೂ ತೆಗೆ" ಅಂದರು.

ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ ಅನ್ನುವುದು ಅರ್ಧ ನಿಜ. ಕಬ್ಬಿಣದ ಕೆಂಪು ತುಕ್ಕು ಅದಕ್ಕೆ ಬರುವುದಿಲ್ಲ. ಗಾಳಿ ತಾಗಿದ ಕೂಡಲೇ ಅದರ ಮೈಮೇಲೆ ಆಕ್ಸೈಡಿನ ತೆಳು ಪೊರೆ ಕಟ್ಟುತ್ತದೆ. ಗೀರಿದರೆ ಗಾಯದ ಮೇಲೆ ಹೆಪ್ಪು ಕಟ್ಟಿದ ಹಾಗೆ ಆ ಜಾಗದಲ್ಲಿ ಮತ್ತೆ ಪೊರೆ ಬರುತ್ತದೆ. ಆದರೆ ಪೊರೆ ಮತ್ತೆ ಕಟ್ಟಬೇಕಾದರೆ ಆಮ್ಲಜನಕ ಬೇಕು. ಒದ್ದೆ ಹಲಗೆ ತಗಡಿಗೆ ಅಂಟಿ ಕೂತರೆ ನಡುವಿನ ನೀರಿಗೆ ಗಾಳಿ ಸಿಗುವುದಿಲ್ಲ. ಆ ನೀರಿನಲ್ಲಿ ಉಪ್ಪು ಇದ್ದರೆ ಮುಗಿಯಿತು. ಉಪ್ಪಿನ ಕ್ಲೋರೈಡ್ ಪೊರೆಯನ್ನು ಒಂದೊಂದು ಕಡೆ ಒಡೆಯುತ್ತದೆ, ಒಡೆದ ಜಾಗದಲ್ಲಿ ಗುಳಿ ಇಳಿಯುತ್ತಾ ಹೋಗುತ್ತದೆ. ಬಯಲಿನಲ್ಲಿ ಬಿಸಿಲು ಗಾಳಿ ಕಂಡ ತಗಡು ವರ್ಷಗಟ್ಟಲೆ ಗಟ್ಟಿ ಇರುತ್ತದೆ, ಮೆತ್ತನೆಯ ಸೀಟಿನ ಅಡಿಯ ತಗಡು ಸಾಯುತ್ತದೆ. ನೆಲಕ್ಕೆ ಕಾರ್ಪೆಟ್ ಅಂಟಿಸಿದ ದೋಣಿಯಲ್ಲಿಯೂ ಇದೇ ಕಥೆ. ನಮ್ಮ ಹೊಳೆಯ ನೀರು ಮಳೆಗಾಲದಲ್ಲಿ ಸಿಹಿ. ಮಳೆ ನಿಂತು ಮೇಲಿನ ಹರಿವು ಕಡಿಮೆಯಾದ ಹಾಗೆ ಸಮುದ್ರದ ಭರತದ (ಉಬ್ಬರದ) ಜೊತೆ ಉಪ್ಪು ಒಳಗೆ ಏರುತ್ತದೆ, ಏಪ್ರಿಲ್ ಹೊತ್ತಿಗೆ ಬಾಯಿಗೆ ಹಾಕಿದರೆ ಗೊತ್ತಾಗುವಷ್ಟು. ಜನವರಿಯಿಂದ ಮೇವರೆಗೆ ನೆನೆದ ಸ್ಪಂಜಿನಲ್ಲಿ ಇರುವುದು ಉಪ್ಪುನೀರೇ. ಮೇಲಿನ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಉಪ್ಪು ಮತ್ತೆ ಗಾಳಿಯ ತೇವ ಎಳೆಯುತ್ತದೆ. ಹಾಗಾಗಿ ದೋಣಿ ದಡದಲ್ಲಿ ಸುಮ್ನೆ ಮಲಗಿದ್ದರೂ ಸೀಟಿನ ಅಡಿಯಲ್ಲಿ ಕೆಲಸ ನಡೆಯುತ್ತಲೇ ಇರುತ್ತದೆ.

ಮೈಲುತುತ್ತ

ಆದರೆ ಆ ಗುಳಿಗಳು ಬರೀ ಉಪ್ಪಿನದ್ದಲ್ಲ ಅಂತ ನನಗೆ ಅನ್ನಿಸಿದ್ದು ಅವು ಇದ್ದ ಜಾಗ ನೋಡಿ. ಸ್ಕ್ರೂಗಳ ಸುತ್ತ ದಟ್ಟವಾಗಿದ್ದವು, ಹಲಗೆ ಒತ್ತಿ ಕೂತ ಕಡೆ ಇನ್ನೂ ದಟ್ಟ. ಅಡಿಕೆ ತೋಟದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ, ಯಾಕೆಂದರೆ ನಾವೆಲ್ಲ ಈ ಪಾಠವನ್ನು ಮೇ ತಿಂಗಳ ಕೊನೆಯಲ್ಲಿ ಅಂಗಳದಲ್ಲೇ ಕಲಿತವರು.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವ ದಿನ ನಮ್ಮ ಮನೆಯಲ್ಲಿ ಬೆಳಗ್ಗೆ ಬೇಗ ಗದ್ದಲ. ನೂರು ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, 1 ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸೇರಿಸುವುದು. ಆಕಾಶದ ಬಣ್ಣದ ನೀರು. ಅಪ್ಪ ಸಾಣೆ ಹಿಡಿದ ಕತ್ತಿಯನ್ನು ನನ್ನ ಕೈಗೆ ಕೊಡುತ್ತಿದ್ದರು. ನಾನು ಅದನ್ನು ಡ್ರಮ್ಮಿನಲ್ಲಿ ಅದ್ದಿ ಹಿಡಿಯಬೇಕು, ಅಲುಗಿಸಬಾರದು. ಸ್ವಲ್ಪ ಹೊತ್ತು ಬಿಟ್ಟು ಎತ್ತಬೇಕು.

"ಕೆಂಪು ಬಂತಾ ನೋಡು."

ಬಾಯಿಯ ಹತ್ತಿರ ಹೊಳೆಯುತ್ತಿದ್ದ ಕಬ್ಬಿಣದ ಮೇಲೆ ತೆಳುವಾಗಿ ತಾಮ್ರದ ಬಣ್ಣ ಕೂತಿರುತ್ತಿತ್ತು. ಬೆರಳಿನಲ್ಲಿ ಉಜ್ಜಿದರೆ ಹೋಗುತ್ತಿರಲಿಲ್ಲ.

"ಸ್ವಲ್ಪ ಬಂದಿದೆ ಅಪ್ಪ."

"ಹಾಗಾದರೆ ಸುಣ್ಣ ಸಾಲದು. ಇನ್ನೊಂದು ಚೊಂಬು ತಾ."

ಕತ್ತಿಯ ಮೇಲೆ ಕೆಂಪು ಬಾರದಷ್ಟು ಸುಣ್ಣ ಬಿದ್ದ ಮೇಲೆಯೇ ಮದ್ದು ಮರಕ್ಕೆ ಏರುತ್ತಿತ್ತು, ಇಲ್ಲದಿದ್ದರೆ ಸಿಂಗಾರ (ಅಡಿಕೆಯ ಹೂಗೊಂಚಲು) ಸುಟ್ಟುಹೋಗುತ್ತದೆ. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋದ ದ್ರಾಕ್ಷಿ ತೋಟಗಳಲ್ಲಿ ಶುರುವಾದ ಮದ್ದು ಇದು, ಇಂದಿಗೂ ನಮ್ಮ ಅಡಿಕೆ ಉಳಿಸುವುದು ಇದೇ. ಕತ್ತಿಯ ಮೇಲೆ ನಡೆಯುವುದು ಏನು? ನೀರಿನಲ್ಲಿ ಕರಗಿದ ತಾಮ್ರ ಕಬ್ಬಿಣವನ್ನು ಕಂಡರೆ ಲೋಹವಾಗಿ ಕೂರುತ್ತದೆ, ಅಷ್ಟೇ ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ಲೋಹಗಳಲ್ಲಿ ಕೊಡುವವು, ಪಡೆಯುವವು ಅಂತ ಒಂದು ಸಾಲು ಇದೆ. ಸತು, ಅಲ್ಯೂಮಿನಿಯಂ ಕೊಡುವ ತುದಿಯಲ್ಲಿವೆ. ಕಬ್ಬಿಣ ಅದರಿಂದ ಸ್ವಲ್ಪ ಆಚೆ. ತಾಮ್ರ, ಹಿತ್ತಾಳೆ, ಸ್ಟೇನ್‌ಲೆಸ್ ಸ್ಟೀಲ್ ಇನ್ನೊಂದು ತುದಿಯ ಕಡೆ. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿ, ನಡುವೆ ಉಪ್ಪುನೀರು ಇದ್ದರೆ, ಕೊಡುವ ಲೋಹ ಸವೆಯುತ್ತಾ ಹೋಗುತ್ತದೆ. ಕತ್ತಿಗೇ ಹಾಗಾದರೆ ದೋಣಿಯ ತಗಡಿಗೆ ಅದಕ್ಕಿಂತ ಕೇಡು. ತಾಮ್ರ ಕರಗಿದ ನೀರಿನ ಒಂದು ಹನಿ ಅಲ್ಯೂಮಿನಿಯಂ ಮೇಲೆ ಒಣಗಿದರೆ ಅಲ್ಲಿ ತಾಮ್ರದ ಸಣ್ಣ ಚುಕ್ಕೆ ಕೂರುತ್ತದೆ. ಆಮೇಲೆ ನೀರು ತಾಗಿದಾಗಲೆಲ್ಲ ಆ ಚುಕ್ಕೆ ಸುತ್ತಲಿನ ತಗಡನ್ನು ತಿನ್ನುತ್ತದೆ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ಕಾಸರಗೋಡಿನ ಕಡೆ ತೋಟದ ದೋಣಿ ಅಂದರೆ ಅದರಲ್ಲಿ ಮೈಲುತುತ್ತದ ಚೀಲವೂ ಹೋಗುತ್ತದೆ, ಸ್ಪ್ರೇ ಪಂಪೂ ಹೋಗುತ್ತದೆ. ಬೆಂಚಿನ ಮೇಲೆಯೇ ಡ್ರಮ್ ಇಟ್ಟು ದಾಟಿಸುವವರನ್ನು ಕಣ್ಣಾರೆ ಕಂಡಿದ್ದೇನೆ. ಸುಣ್ಣವೂ ಒಳ್ಳೆಯದಲ್ಲ, ಅದರ ಕ್ಷಾರ ಆಕ್ಸೈಡಿನ ಪೊರೆಯನ್ನೇ ಕರಗಿಸುತ್ತದೆ. ದಯವಿಟ್ಟು ಮದ್ದಿನ ಸಾಮಾನನ್ನು ದಪ್ಪ ಪ್ಲಾಸ್ಟಿಕ್ ಟಬ್ಬಿನೊಳಗೆ ಇಟ್ಟು ಸಾಗಿಸಿ. ಚೆಲ್ಲಿದರೆ ಆಗಲೇ ಹೊಳೆಯ ನೀರು ಮೊಗೆದು ತೊಳೆಯಿರಿ, ಸಂಜೆಗೆ ಅಂತ ಇಡಬೇಡಿ. ಇನ್ನು ಹಲಗೆಯ ವಿಷಯ. ಹುಳ ಹಿಡಿಯಬಾರದು, ಕೊಳೆಯಬಾರದು ಅಂತ ಮರಕ್ಕೆ, ಪ್ಲೈಗೆ ಕುಡಿಸುವ ಮದ್ದಿನಲ್ಲಿ ಎಷ್ಟೋ ಸಲ ತಾಮ್ರದ ಲವಣ ಇರುತ್ತದೆ. ಮನೆಯ ಕಪಾಟಿಗೆ ಅದು ಒಳ್ಳೆಯದು. ದೋಣಿಯ ತಗಡಿಗೆ ನೇರವಾಗಿ ಒತ್ತಿ ಕೂರಿಸಿದರೆ ಒದ್ದೆಯಾದಾಗಲೆಲ್ಲ ತಾಮ್ರ ಇಳಿಯುತ್ತದೆ. 'ಗಟ್ಟಿ ಇರಲಿ' ಅಂತ ಹಾಕಿದ ಹಲಗೆಯೇ ಬೆಂಚನ್ನು ತಿನ್ನುತ್ತದೆ.

ತೂಕ ಎಲ್ಲಿ ಕೂರುತ್ತದೆ

ಬೆಂಚು ತೂತಾಗಿದ್ದರೆ ಕತ್ತರಿಸಿ ತೆಗೆದುಬಿಡಿ, ಜಾಗವೂ ಸಿಗುತ್ತದೆ, ನಾಲ್ಕು ಪ್ಲಾಸ್ಟಿಕ್ ಕುರ್ಚಿ ಇಟ್ಟುಕೊಳ್ಳಿ ಅಂತ ಸಲಹೆ ಕೊಟ್ಟವರಿದ್ದಾರೆ. ಇದನ್ನು ಮಾತ್ರ ಯಾರೂ ಮಾಡಬಾರದು. ಆ ಅಡ್ಡ ಬೆಂಚು ಬರೀ ಕೂರಲು ಇರುವುದಲ್ಲ. ತೆಳು ತಗಡಿನ ಎರಡು ಬದಿಗಳನ್ನು ಹಿಡಿದು ನಿಲ್ಲಿಸುವುದು ಅದು. ತೆಗೆದರೆ ಅಲೆಗೆ ಬದಿಗಳು ಒಳಕ್ಕೂ ಹೊರಕ್ಕೂ ಆಡುತ್ತವೆ, ರಿವೆಟ್ ಸಡಿಲವಾಗುತ್ತದೆ. ಎರಡನೆಯದು, ಎಷ್ಟೋ ದೋಣಿಗಳಲ್ಲಿ ಬೆಂಚಿನ ಪೆಟ್ಟಿಗೆಯೊಳಗೆ ಫೋಮ್ ತುಂಬಿರುತ್ತದೆ. ದೋಣಿಗೆ ನೀರು ತುಂಬಿದರೂ ಅದು ಪೂರ್ತಿ ಮುಳುಗದೆ, ಜನ ಹಿಡಿದುಕೊಂಡು ತೇಲಲು ಆಗುವುದು ಈ ಫೋಮಿನಿಂದ. ಹೆಚ್ಚುಕಮ್ಮಿ ಒಂದು ಲೀಟರ್ ಫೋಮ್ ಒಂದು ಕಿಲೋ ಭಾರವನ್ನು ನೀರಿನಲ್ಲಿ ಎತ್ತಿ ಹಿಡಿಯುತ್ತದೆ. ಅಲ್ಯೂಮಿನಿಯಂ ತಾನಾಗಿ ತೇಲುವ ವಸ್ತುವಲ್ಲ, ಮರ ತೇಲುತ್ತದೆ. ಮರದ ದೋಣಿಯಲ್ಲಿ ಬೆಳೆದ ನಮಗೆ ಈ ವ್ಯತ್ಯಾಸ ತಲೆಗೆ ಹೋಗುವುದು ನಿಧಾನ.

ಆ ಫೋಮನ್ನೂ ನೋಡಿಕೊಳ್ಳಬೇಕು. ಬೆಂಚನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಒಣಗಿದ್ದರೆ ಹಗುರ ಶಬ್ದ, ನೀರು ಕುಡಿದಿದ್ದರೆ ಮಂಕು ಶಬ್ದ. ನೆನೆದ ಫೋಮ್ ತೇಲಿಸುವ ಬದಲು ಭಾರ ಹೇರುತ್ತದೆ, ಒಳಗಿನಿಂದ ತಗಡನ್ನೂ ಕೊಳೆಸುತ್ತದೆ. ಒಳಗಿರುವುದು ಥರ್ಮೋಕೋಲ್ ಆದರೆ ಪೆಟ್ರೋಲ್ ಹತ್ತಿರ ಬರಬಾರದು. ಎಂಜಿನ್ನಿನ ಪೆಟ್ರೋಲ್ ತೂತಿನ ಮೂಲಕ ಒಳಗೆ ಇಳಿದರೆ ಥರ್ಮೋಕೋಲ್ ಕರಗಿ ಅಂಟಾಗುತ್ತದೆ, ಪೆಟ್ಟಿಗೆ ಖಾಲಿ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ಸೀಟು ಎಲ್ಲಿ ಇರಬೇಕು, ಎಷ್ಟು ಎತ್ತರ ಇರಬೇಕು ಅನ್ನುವುದು ನನ್ನ ಮಟ್ಟಿಗೆ ಇಡೀ ಕೆಲಸದ ಮುಖ್ಯ ಪ್ರಶ್ನೆ. ಮನುಷ್ಯನ ತೂಕ ಸಣ್ಣ ದೋಣಿಯ ತೂಕಕ್ಕೆ ಸರಿಸಾಟಿ. ಹಾಗಾಗಿ ಕೂತವನನ್ನು ಒಂದು ಗೇಣು ಮೇಲೆತ್ತಿದರೆ ದೋಣಿಯ ಭಾರವೇ ಮೇಲೇರಿದ ಹಾಗೆ, ಅಲುಗಾಟ ಜಾಸ್ತಿ. ಕಂಬದ ಮೇಲೆ ತಿರುಗುವ ಸೀಟು ನೋಡಲು ಚಂದ, ಅಗಲದ ದೋಣಿಗೆ ಸರಿ, ನಮ್ಮಂಥ ಕಿರಿದಾದ ದೋಣಿಗೆ ಬೇಡ. ಹಿಂದೆ ಎಂಜಿನ್ ಇದ್ದು, ಅದರ ಪಕ್ಕ ಭಾರದ ಮನುಷ್ಯ ಕೂತು, ಮುಂದೆ ಯಾರೂ ಇಲ್ಲದಿದ್ದರೆ ಮೂತಿ ಎದ್ದು ನಿಲ್ಲುತ್ತದೆ, ಗಾಳಿ ಬಂದರೆ ತಿರುಗಿಸುತ್ತದೆ. ಜನರನ್ನು ನಡುಗೆರೆಯ ಮೇಲೆ, ತಗ್ಗಿನಲ್ಲಿ, ಒಂದೇ ಜಾಗದಲ್ಲಿ ಇರಿಸುವುದೇ ಸೀಟಿನ ಮೊದಲ ಕೆಲಸ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರಾಣಿ ನೋಡಲು ಜನ ಒಂದೇ ಬದಿಗೆ ಸರಿದಾಗ ದೋಣಿ ಮಗುಚಿ 45 ಜನ ತೀರಿಕೊಂಡರು. 2023ರ ಮೇ 7ರಂದು ಕೇರಳದ್ದೇ ತಾನೂರಿನಲ್ಲಿ ದೋಣಿ ಮಗುಚಿ 22 ಜನ, ಅದರಲ್ಲಿ ಮಕ್ಕಳೇ ಹೆಚ್ಚು. ಅವು ದೊಡ್ಡ ದೋಣಿಗಳು, ಅಲ್ಲಿ ಬೇರೆ ತಪ್ಪುಗಳೂ ಇದ್ದವು. ಆದರೆ ತೂಕ ಎಲ್ಲಿ ಕೂರಬೇಕು ಅನ್ನುವ ಲೆಕ್ಕ ಸಣ್ಣ ದೋಣಿಯಲ್ಲಿ ಇನ್ನೂ ಬಿಗಿ. ಇನ್ನೊಂದು ಮಾತು, ಸೀಟಿನ ಕುಶನ್ ತೇಲುತ್ತದೆ ಅಂತ ಅದನ್ನೇ ನಂಬಿ ಲೈಫ್ ಜಾಕೆಟ್ ಬಿಟ್ಟು ಹೋಗಬೇಡಿ. ಕುಶನ್ ಕೈಜಾರಿ ಹೋಗುತ್ತದೆ, ಜಾಕೆಟ್ ಮೈಮೇಲೆ ಇರುತ್ತದೆ.

ಕೊರೆಯುವ ಮುಂಚೆ

ತೂತಾದ ಬೆಂಚಿನ ಮೇಲ್ಮೈಗೆ ಅಲ್ಯೂಮಿನಿಯಂ ತಗಡಿನದ್ದೇ ತೇಪೆ ಹಾಕಿದೆವು. ಒಳಗೆ ಫೋಮ್ ಇರುವಾಗ ಅಲ್ಲಿ ವೆಲ್ಡಿಂಗ್ ಮಾಡುವುದು ಅಪಾಯ, ಬೆಂಕಿ ಹಿಡಿಯುತ್ತದೆ, ವಿಷದ ಹೊಗೆ ಏಳುತ್ತದೆ. ಹಾಗಾಗಿ ರಿವೆಟ್ ಮತ್ತು ಸೀಲೆಂಟ್. ಹೊಸ ಸೀಟಿನ ಹಲಗೆಗೆ ಪ್ಲೈವುಡ್ ಬಿಟ್ಟು ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ ಶೀಟ್ ತಂದೆವು, ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಬಿಳಿ ಹಲಗೆ ಮಾಡುವುದು ಇದರಿಂದಲೇ. ನೀರು ಕುಡಿಯುವುದಿಲ್ಲ, ತಾಮ್ರ ಇಲ್ಲ, ಕೊಳೆಯುವುದಿಲ್ಲ. ಬೆಲೆ ಪ್ಲೈಗಿಂತ ಜಾಸ್ತಿ ಬಿತ್ತು. ಆ ದುಡ್ಡು ಸಾರ್ಥಕ ಅಂತ ನನ್ನ ಅಭಿಪ್ರಾಯ.

ಫ್ಯಾಬ್ರಿಕೇಶನ್ ಅಂಗಡಿಯ ಹುಡುಗ ಡ್ರಿಲ್ ತಂದ. ಮೊದಲಿಗೆ ಅವನು ಡ್ರಿಲ್ಲಿನ ಬಿಟ್ಟಿನ ಮೇಲೆ ಅಳತೆಗೆ ಟೇಪ್ ಸುತ್ತಿದ್ದು ನೋಡಿ ನನಗೆ ಧೈರ್ಯ ಬಂತು. ಬೆಂಚಿನ ಮೇಲಿನ ತಗಡು ದಾಟಿದ ಕೂಡಲೇ ನಿಲ್ಲಬೇಕು. ಜೋರಾಗಿ ಒತ್ತಿ ದೋಣಿಯ ತಳದವರೆಗೆ ಹೋದರೆ ಹೊಳೆಯೇ ಒಳಗೆ. ನೀರಿನ ಮಟ್ಟಕ್ಕಿಂತ ಕೆಳಗೆ ಹೊರಮೈಗೆ ಸೀಟಿಗೋಸ್ಕರ ಒಂದೂ ತೂತು ಬೇಡ. ಅವನು ಪಂಚಿನಿಂದ ಗುರುತು ಹಾಕಿದ, ಸಣ್ಣ ಬಿಟ್ಟಿನಲ್ಲಿ ಕೊರೆದ, ಆಮೇಲೆ ದೊಡ್ಡದರಲ್ಲಿ. ನಡುನಡುವೆ ಒಂದೊಂದು ಹನಿ ಸೀಮೆಎಣ್ಣೆ ಬಿಟ್ಟ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಬಿಸಿಯಾದರೆ ಬಿಟ್ಟಿಗೆ ಅಂಟಿಕೊಳ್ಳುತ್ತದೆ. ಸೀಮೆಎಣ್ಣೆ ಬಿದ್ದರೆ ಸುರುಳಿ ಸುರುಳಿಯಾಗಿ ಚಂದಕ್ಕೆ ಬರುತ್ತದೆ. ಬಂದ ಸುರುಳಿಗಳನ್ನೆಲ್ಲ ಬ್ರಷ್‌ನಲ್ಲಿ ಗುಡಿಸಿ ತೆಗೆದ.

ತೆಳು ತಗಡಿಗೆ ಸ್ಕ್ರೂ ಹಾಕಿ ಸೀಟು ನಿಲ್ಲಿಸುವುದು ಕೆಲಸಕ್ಕೆ ಬಾರದು. ತಗಡಿನ ದಪ್ಪದಲ್ಲಿ ಸ್ಕ್ರೂವಿನ ಒಂದೆರಡು ಎಳೆ ಮಾತ್ರ ಹಿಡಿಯುತ್ತದೆ. ಮನುಷ್ಯ ಒರಗಿದಾಗ ಬೆನ್ನಿನ ಭಾರವೆಲ್ಲ ಅದೇ ಎಳೆಯನ್ನು ಎಳೆಯುತ್ತದೆ, ತೂತು ದೊಡ್ಡದಾಗುತ್ತದೆ. ಅಡಿಗೆ ಕೈ ಹೋಗುವ ಕಡೆ ಬೋಲ್ಟು ಹಾಕಿ, ಕೆಳಗೆ ಅಗಲದ ಅಲ್ಯೂಮಿನಿಯಂ ಪಟ್ಟಿ ಕೊಟ್ಟು, ನೈಲಾನ್ ಇರುವ ನಟ್ಟು ಬಿಗಿಯಬೇಕು. ಕೈ ಹೋಗದ ಕಡೆ, ಮೇಲಿನಿಂದಲೇ ತೂತಿಗೆ ಕೂರಿಸುವ ರಿವೆಟ್ ನಟ್ಟು. ಬೋಲ್ಟು ಸ್ಟೇನ್‌ಲೆಸ್ ಆಗಬೇಕು, ಉಪ್ಪುನೀರಿಗೆ 304 ಗ್ರೇಡಿಗಿಂತ 316 ಗ್ರೇಡ್ ಒಳ್ಳೆಯದು. ಸ್ಟೇನ್‌ಲೆಸ್ ಕೂಡಾ ಅಲ್ಯೂಮಿನಿಯಂಗೆ ವೈರಿಯೇ, ಆದರೆ ದೊಡ್ಡ ತಗಡಿನಲ್ಲಿ ಸಣ್ಣ ಬೋಲ್ಟು ಆದ್ದರಿಂದ ಸವೆತ ಹರಡಿಹೋಗುತ್ತದೆ, ನಿಭಾಯಿಸಬಹುದು. ಬೋಲ್ಟಿನ ತಲೆಗೆ ನೈಲಾನ್ ವಾಷರ್, ತೂತಿನೊಳಗೆ ಸೀಲೆಂಟ್. ಲೋಹಕ್ಕೆ ಲೋಹ ತಾಗಬಾರದು, ನಡುವೆ ನೀರು ನುಗ್ಗಬಾರದು, ಇಷ್ಟೇ ಗುಟ್ಟು. ಹಿತ್ತಾಳೆಯ ಸ್ಕ್ರೂ ಹೊಳೆಯುತ್ತದೆ ಅಂತ ಹಾಕುವವರಿದ್ದಾರೆ. ಬೇಡವೇ ಬೇಡ. ಸೀಲೆಂಟಿನ ವಿಷಯದಲ್ಲಿ ಮೂಗಿಗೆ ಕೆಲಸ ಕೊಡಿ. ಬಾತ್‌ರೂಮಿಗೆ ಹಾಕುವ ಸಾದಾ ಸಿಲಿಕೋನ್ ವಿನೆಗರ್ ವಾಸನೆ ಬರುತ್ತದಲ್ಲ, ಆ ಆಮ್ಲ ಲೋಹವನ್ನು ತಿನ್ನುತ್ತದೆ. ಪಾಲಿಯುರೆಥೇನ್ ಅಥವಾ ನ್ಯೂಟ್ರಲ್ ಅಂತ ಬರೆದದ್ದನ್ನು ಕೇಳಿ ತನ್ನಿ.

ಹಲಗೆ ಮತ್ತು ಬೆಂಚಿನ ನಡುವೆ ಪ್ರತಿ ಬೋಲ್ಟಿನ ಹತ್ತಿರ ದಪ್ಪ ರಬ್ಬರ್ ಬಿಲ್ಲೆ ಇಟ್ಟೆವು. ಬೆರಳು ಹೋಗುವಷ್ಟು ಸಂದು. ಗಾಳಿ ಆಡುತ್ತದೆ, ಕೊಡ ನೀರು ಹಾಕಿದರೆ ಈ ಕಡೆಯಿಂದ ಆ ಕಡೆಗೆ ಹರಿದುಹೋಗುತ್ತದೆ. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನದ್ದು ಇದು, ಅತಿ ಬೆಲೆಬಾಳುವುದೂ ಇದೇ.

ತೊಳೆಯುವುದು

ಕುಶನ್ ಹೊಲಿಸಿದ್ದು ಪೇಟೆಯಲ್ಲಿ ಆಟೋ ರಿಕ್ಷಾ ಸೀಟು ಹೊಲಿಯುವವರ ಹತ್ತಿರ. ಅವರಿಗೆ ಮೂರು ಮಾತು ಹೇಳಿದೆ. ನೀರು ಕುಡಿಯುವ ಸ್ಪಂಜು ಬೇಡ, ಇವಿಎ ಫೋಮ್ ಹಾಕಿ. ಹತ್ತಿ ನೂಲು ಕೊಳೆಯುತ್ತದೆ, ಪಾಲಿಯೆಸ್ಟರ್ ನೂಲಿನಲ್ಲಿ ಹೊಲಿಯಿರಿ. ಕಬ್ಬಿಣದ ಪಿನ್ ಹೊಡೆಯಬೇಡಿ, ಕೆಳಗೆ ಹಗ್ಗ ಕಟ್ಟುವ ಹಾಗೆ ಮಾಡಿ, ಬಿಚ್ಚಲು ಬರಬೇಕು. ಅವರು ಕೇಳಿಸಿಕೊಂಡು, ಅಡಿಯ ಬಟ್ಟೆಗೆ ಜಾಲರಿ ಹಾಕಿದರೆ ನೀರು ಇಳಿಯುತ್ತದೆ ಅಂತ ತಾವೇ ಹೇಳಿ ಹಾಕಿಕೊಟ್ಟರು. ರಿಕ್ಷಾದ ಸೀಟು ಮಳೆಗೆ ನೆನೆಯುವುದನ್ನು ವರ್ಷಾನುಗಟ್ಟಲೆ ಕಂಡ ಕೈ ಅದು.

ತಗಡನ್ನು ತೊಳೆಯುವುದು ನಮ್ಮ ಅಡುಗೆಮನೆಗೆ ಗೊತ್ತಿರುವ ವಿದ್ಯೆಯೇ. ಅಜ್ಜಿ ಅಲ್ಯೂಮಿನಿಯಂ ಪಾತ್ರೆಗೆ ಬೂದಿ ಹಾಕಲು ಬಿಡುತ್ತಿರಲಿಲ್ಲ, ಕಪ್ಪಾಗುತ್ತದೆ ಅಂತ. ಕಪ್ಪಾದರೆ ಹುಳಿ ನೀರು ಕುದಿಸುತ್ತಿದ್ದರು. ಬೂದಿ ಕ್ಷಾರ, ಹುಳಿ ಆಮ್ಲ. ಆಮ್ಲ ಎಷ್ಟು, ಕ್ಷಾರ ಎಷ್ಟು ಅನ್ನುವ ಅಳತೆ ಪಿಎಚ್; ಆಕ್ಸೈಡಿನ ಪೊರೆ ಸುಮಾರು 4ರಿಂದ 8.5ರವರೆಗಿನ ಪಿಎಚ್‌ನಲ್ಲಿ ಗಟ್ಟಿ ನಿಲ್ಲುತ್ತದೆ, ಅದರ ಆಚೆ ಈಚೆ ಹೋದರೆ ಕರಗುತ್ತದೆ. ಹಾಗಾಗಿ ಬಟ್ಟೆ ಸೋಡಾ, ಕಾಸ್ಟಿಕ್, ಬ್ಲೀಚಿಂಗ್ ಪುಡಿ, ಕಕ್ಕಸು ತೊಳೆಯುವ ಆಸಿಡ್ ಯಾವುದೂ ದೋಣಿಯ ಹತ್ತಿರ ಬರಬಾರದು. ಪಾತ್ರೆ ತೊಳೆಯುವ ಸಾಬೂನಿನ ನೀರು, ತೆಂಗಿನ ನಾರು, ಆಮೇಲೆ ಬಾವಿಯ ನೀರು ಧಾರಾಳ. ಬಿಳಿ ಕಲೆ ಹೋಗದಿದ್ದರೆ ವಿನೆಗರಿಗೆ ನೀರು ಬೆರೆಸಿ ಉಜ್ಜಿ. ಬಿಂಬುಳಿ ಹಿಂಡಿ ಉಜ್ಜಿದರೂ ಹೊಳಪು ಬರುತ್ತದೆ, ಆದರೆ ಬಿಡದೆ ತೊಳೆದುಬಿಡಿ, ಅದರ ಹುಳಿ ಜೋರು. ಸ್ಟೀಲ್ ಸ್ಕ್ರಬ್ಬರ್ ಬೇಡ. ಅದರ ಪುಡಿ ತಗಡಿನಲ್ಲಿ ಸಿಕ್ಕಿಕೊಂಡು ತುಕ್ಕು ಹಿಡಿಯುತ್ತದೆ, ಆ ಜಾಗದಲ್ಲೇ ಗುಳಿ ಏಳುತ್ತದೆ.

ರೆಕ್ಸಿನ್ನಿಗೆ ನಮ್ಮ ಮಳೆಗಾಲದ ದೊಡ್ಡ ಕಾಟ ಬೂಷ್ಟು. ಬ್ಲೀಚ್ ಹಾಕಿದರೆ ಕಲೆ ಹೋಗುತ್ತದೆ ನಿಜ, ಜೊತೆಗೆ ಹೊಲಿಗೆಯ ನೂಲಿನ ಬಲವೂ ಹೋಗುತ್ತದೆ. ವಿನೆಗರ್ ನೀರಿನಲ್ಲಿ ಒರಸಿ, ಹೊಲಿಗೆಯ ಸಾಲಿಗೆ ಹಳೆಯ ಟೂತ್‌ಬ್ರಷ್ ಹಾಕಿ, ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ರೆಕ್ಸಿನ್ ಬಿರಿಯುತ್ತದೆ. ಮಳೆಗಾಲಕ್ಕೆ ಕುಶನ್ ಬಿಚ್ಚಿ ಅಟ್ಟದಲ್ಲಿ ಅಡ್ಡಲಾಗಿ ನಿಲ್ಲಿಸಿ ಇಡುತ್ತೇವೆ, ಗೊಬ್ಬರ ಮತ್ತು ಮೈಲುತುತ್ತದ ಚೀಲ ಇಲ್ಲದ ಕಡೆ. ದೋಣಿಯನ್ನು ತೆಂಗಿನ ದಿಮ್ಮಿಗಳ ಮೇಲೆ ಬೋರಲು, ತಳದ ಬಿರಡೆ ತೆಗೆದು.

ಇಷ್ಟೆಲ್ಲ ಯಾಕೆ ಅಂದರೆ, ಅಮ್ಮ ತೋಟಕ್ಕೆ ಬರುವುದನ್ನು ನಿಲ್ಲಿಸಿದ್ದರು. ಕೇಳಿದಾಗ ಹೇಳಿದ್ದು ಇಷ್ಟು: "ಬಿಸಿಲಿಗೆ ತಗಡು ಸುಡುತ್ತದೆ. ಕೂತರೆ ಏಳುವುದಕ್ಕೆ ಆಗುವುದಿಲ್ಲ. ಒರಗುವುದಕ್ಕೆ ಎಂತದೂ ಇಲ್ಲ. ನಾನಿಲ್ಲ, ನೀವು ಹೋಗಿ." ಆ ತೋಟದಲ್ಲಿ ಅವರು ನೆಟ್ಟ ಕಾಳುಮೆಣಸಿನ ಬಳ್ಳಿಗಳಿವೆ, ಪ್ರತಿಯೊಂದರ ಲೆಕ್ಕ ಅವರಿಗೆ ಬಾಯಿಪಾಠ. ಹೊಸ ಸೀಟು ನಡು ಬೆಂಚಿನಲ್ಲಿ, ನಡುಗೆರೆಯ ಮೇಲೆ, ಹಳೆಯದಕ್ಕಿಂತ ನಾಲ್ಕು ಬೆರಳು ಮಾತ್ರ ಎತ್ತರ, ಗಿಡ್ಡ ಒರಗು, ತಿಳಿ ಬಣ್ಣದ ರೆಕ್ಸಿನ್. ಈಗ ಕರೆಯುವುದೇ ಬೇಡ, ಕತ್ತಿ ಬುಟ್ಟಿ ಹಿಡಿದು ಕಡವಿನಲ್ಲಿ ಮೊದಲು ನಿಂತಿರುತ್ತಾರೆ. ಒಂದು ತಕರಾರು ಮಾತ್ರ ಉಳಿದಿದೆ. ಏಳುವಾಗ ಎಡಗೈಗೆ ಹಿಡಿಯಲು ಏನೂ ಇಲ್ಲವಂತೆ. ಬದಿಯ ಅಂಚಿಗೆ ಒಂದು ಅಲ್ಯೂಮಿನಿಯಂ ಹಿಡಿ ಬೋಲ್ಟು ಮಾಡಬೇಕು, ಮೊಣಕೈ ತಾಗದ ಹಾಗೆ ಸ್ವಲ್ಪ ಮುಂದಕ್ಕೆ. ಅವರನ್ನೇ ಸೀಟಿನಲ್ಲಿ ಕೂರಿಸಿ ಕೈ ಎಲ್ಲಿಗೆ ಹೋಗುತ್ತದೆ ಅಂತ ಪೆನ್ನಿನಲ್ಲಿ ಗುರುತು ಹಾಕಿಟ್ಟಿದ್ದೇನೆ. ನೈಲಾನ್ ವಾಷರ್ ತಂದಾಯ್ತು, ಡ್ರಿಲ್ಲಿನ ಹುಡುಗ ಭಾನುವಾರ ಬರುತ್ತೇನೆ ಅಂದಿದ್ದಾನೆ.